ಅರ್ಧಿಂಚಣ್ಣನ ಆರೋಗ್ಯಸೇವೆ

ನಮ್ಮ ಬೀದಿಯ ದರ್ಜಿಗೆ ಹೆತ್ತವರು ಇಟ್ಟ ಹೆಸರೊಂದು ಇದೆಯಂತೆ. ಅದು ಗೊತ್ತಿರುವುದು ಅವನ ಹೆಂಡತಿಗೆ ಮತ್ತು ಕರೆಂಟು ಬಿಲ್ಲಿನವನಿಗೆ ಮಾತ್ರ. ಉಳಿದವರಿಗೆಲ್ಲ ಅವನು ಅರ್ಧಿಂಚಣ್ಣ. ಅಳತೆ ತೆಗೆದುಕೊಳ್ಳುವಾಗ ಟೇಪನ್ನು ನಮ್ಮ ಸೊಂಟಕ್ಕೆ ಸುತ್ತಿ, ಬಂದ ಅಂಕಿಯನ್ನು ನಮಗೂ ಕೇಳದಷ್ಟು ಮೆಲ್ಲಗೆ ಓದಿಕೊಂಡು, "ಇರಲಿ, ಒಳಗೆ ಅರ್ಧ ಇಂಚು ಬಟ್ಟೆ ಬಿಟ್ಟಿರ್ತೀನಿ, ಮುಂದೆ ಬೇಕಾಗುತ್ತೆ" ಎನ್ನುವುದು ಅವನ ವಾಡಿಕೆ. ಅರ್ಧ ಇಂಚು ಎನ್ನುವುದು ಬಾಯಿಮಾತು. ಬಿಡುತ್ತಿದ್ದದ್ದು ಧಾರಾಳವಾಗಿ ಎರಡು ಇಂಚು. ಮನುಷ್ಯ ಇಂದಲ್ಲ ನಾಳೆ ದಪ್ಪಗಾಗಿಯೇ ಆಗುತ್ತಾನೆ, ಹಾಗಾದ ದಿನ ಅವನ ಮನಸ್ಸು ನೋಯಬಾರದು ಎಂಬುದು ಅವನ ಕಸುಬಿನ ಸಿದ್ಧಾಂತ. ಇಂಥ ಮೆತ್ತನೆಯ ಮನಸ್ಸಿನವನ ಕೈಗೆ ಕತ್ತರಿ ಕೊಟ್ಟವರು ಯಾರೋ, ಅವರನ್ನು ಹಿಡಿದು ಕೇಳಬೇಕು.

ಮುಂದೆ ಅಂಗಡಿ, ಹಿಂದೆ ಅವನ ಮನೆ, ಮೇಲೆ ನಾನು. ಹೊಲಿಗೆಯ ಜೊತೆಗೆ ಇಸ್ತ್ರಿಯ ಕೆಲಸವೂ ಅವನದೇ ಆದ್ದರಿಂದ ಬೀದಿಯ ಸಮಸ್ತ ಪ್ಯಾಂಟು, ಕೋಟುಗಳು ವಾರಕ್ಕೊಮ್ಮೆ ಅವನ ಕೈ ದಾಟಿಯೇ ಬರಬೇಕು. ಈ ಸಂಗತಿಯನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದೆ ನಡೆದ ಅನಾಹುತಕ್ಕೆಲ್ಲ ಇದೇ ಮೂಲ.

ವರ್ಷದ ಕೊನೆಯ ರಜೆ ಹತ್ತಿರ ಬಂದಾಗ ಅರ್ಧಿಂಚಣ್ಣನ ಹೆಂಡತಿಗೆ ಒಂದು ಬೆಳಿಗ್ಗೆ ತಲೆ ಸುತ್ತಿತು. ಅವರನ್ನು ಬೀದಿಯೆಲ್ಲ ಅತ್ತಿಗೆ ಎನ್ನುತ್ತದೆ, ನಾನೂ ಹಾಗೇ ಅನ್ನುತ್ತೇನೆ. ಬೀದಿಯ ತುದಿಯಲ್ಲಿರುವ ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಊದಿ, ಇಳಿಸಿ, ಮತ್ತೆ ಊದಿ, "ಬಿಪಿ ಜಾಸ್ತಿ ಇದೆ" ಎಂದರು. ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು.

"ರಜೆ ಬಂತು, ಖುಷಿಯಾಗಿರಿ, ನಾನು ಬೇಡ ಅನ್ನಲ್ಲ. ಸಿಹಿ ಬಂದ್ರೆ ಒಂದು ಚೂರು ತಿಂದು ತಟ್ಟೆ ಕೆಳಗಿಡಿ. ಉಪ್ಪು ಕಮ್ಮಿ ಮಾಡಿ. ದಿನಾ ನಡೀರಿ. ತೂಕ ನೋಡ್ಕೊಳ್ತಾ ಇರಿ. ಮಾತ್ರೆ ಮಾತ್ರ ಬಿಡಬೇಡಿ" ಎಂದರು ಡಾಕ್ಟರಮ್ಮ.

"ತೂಕದ ಮಿಷಿನ್ ಅಂದ್ರೆ ನಂಗೆ ಎದೆ ಹೊಡ್ಕೊಳ್ಳುತ್ತೆ ಡಾಕ್ಟ್ರೇ. ಆಮೇಲೆ ಬಿಪಿ ಇನ್ನೂ ಏರುತ್ತೆ. ನಂಗೆ ನನ್ನ ನೀಲಿ ಕೋಟೇ ತಕ್ಕಡಿ. ಅದರ ನಡುವಿನ ಗುಂಡಿ ಹಾಕಕ್ಕಾದ್ರೆ ನಾನು ಸರಿಯಾಗಿದ್ದೀನಿ ಅಂತ. ಆಗ್ಲಿಲ್ಲ ಅಂದ್ರೆ ಅವತ್ತಿಂದ ಸಿಹಿ ಬಂದ್" ಎಂದರು ಅತ್ತಿಗೆ.

ಆ ಕೋಟು ಮದುವೆಯಾದ ಹೊಸತರಲ್ಲಿ ಅರ್ಧಿಂಚಣ್ಣ ಹೊಲಿದುಕೊಟ್ಟದ್ದು. ವರ್ಷವಿಡೀ ಪೆಟ್ಟಿಗೆಯಲ್ಲಿದ್ದು, ಈ ರಜೆಯಲ್ಲಿ ಮಾತ್ರ ಹೊರಬರುತ್ತದೆ. ಡಾಕ್ಟರಮ್ಮ ನಕ್ಕು, ಯಾವುದೋ ಒಂದು ಅಳತೆ ಇದ್ದರೆ ಸರಿ ಎಂದು ಒಪ್ಪಿಕೊಂಡರು. ಆ ಅಳತೆ ಒಬ್ಬ ದರ್ಜಿಯ ಮನೆಯಲ್ಲಿ, ಅದೂ ಇಂಥ ದರ್ಜಿಯ ಮನೆಯಲ್ಲಿ ಇದೆ ಎಂಬುದು ಆ ಪುಣ್ಯಾತ್ಗಿತ್ತಿಗೆ ಹೊಳೆಯಲಿಲ್ಲ.

ರಜೆಯ ಮೊದಲ ದಿನವೇ ಅತ್ತಿಗೆಯ ಅಣ್ಣ ಬಂದಿಳಿದರು. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಕೆಲಸ ಬಿಟ್ಟರೂ ಕೊರಳಲ್ಲಿದ್ದ ಸೀಟಿಯನ್ನು ಬಿಟ್ಟಿರಲಿಲ್ಲ. ತಂಗಿಗೆ ಬಿಪಿ ಎಂದು ಕೇಳಿದ್ದೇ ತಡ, ಚೀಲವನ್ನೂ ಕೆಳಗಿಡದೆ ಚಿಕಿತ್ಸೆ ಶುರು ಮಾಡಿದರು.

"ಮುಂದಕ್ಕೆ ನಡೆದ್ರೆ ಏನಾಗುತ್ತೆ? ಹಸಿವಾಗುತ್ತೆ. ಹಸಿವಾದ್ರೆ ತಿಂತೀವಿ. ತಿಂದ್ರೆ ದಪ್ಪ ಆಗ್ತೀವಿ. ಅದೇ ಹಿಂದಕ್ಕೆ ನಡೀರಿ ನೋಡೋಣ. ತಿಂದಿದ್ದೂ ಕರಗುತ್ತೆ. ಇಷ್ಟು ವರ್ಷ ಮಕ್ಕಳಿಗೆ ಡ್ರಿಲ್ ಮಾಡ್ಸಿದವನು ನಾನು, ಸುಮ್ನೆ ಹೇಳ್ತೀನಾ?"

"ಹಿಂದೆ ಬೀಳಲ್ವಾ ಭಾವ?" ಎಂದ ಅರ್ಧಿಂಚಣ್ಣ.

"ಬೀಳೋ ಭಯ ಇದೆಯಲ್ಲ, ಅದೇ ಅರ್ಧ ಕೊಬ್ಬು ಕರಗಿಸುತ್ತೆ."

ಈ ಶಾಸ್ತ್ರಕ್ಕೆ ಎದುರು ವಾದ ಹೂಡುವುದು ಕಷ್ಟ. ಅಂದೇ ಸಂಜೆಯಿಂದ ಅಣ್ಣ ತಂಗಿ ಇಬ್ಬರೂ ಊಟವಾದ ಮೇಲೆ, ತಿಂಡಿಯಾದ ಮೇಲೆ, ಬೀದಿಯ ಈ ತುದಿಯಿಂದ ಆ ತುದಿಗೆ ಹಿಮ್ಮುಖವಾಗಿ ನಡೆಯತೊಡಗಿದರು. ಮೇಷ್ಟ್ರು ಸೀಟಿ ಊದುತ್ತಿದ್ದರು, ಅತ್ತಿಗೆ ನಗುತ್ತಿದ್ದರು. ಅಣ್ಣ ತಂಗಿ ಹೀಗೆ ಜೊತೆಯಾಗಿ ರಜೆ ಕಳೆದು ಎಷ್ಟೋ ಕಾಲವಾಗಿತ್ತು.

ಎದುರುಗಡೆಯೇ ಬೇಕರಿ. ರಜೆಯ ಕಾಲದಲ್ಲಿ ಅದರ ಕಿಟಕಿಯಲ್ಲಿ ಕೇಕುಗಳು ಮಹಡಿ ಮೇಲೆ ಮಹಡಿ ಕಟ್ಟಿ ಕೂತಿರುತ್ತವೆ. ಮೇಷ್ಟ್ರು ತಂಗಿಯ ಮನೆಗೆ ಬರಿಗೈಲಿ ಬರುವವರಲ್ಲ. ದಿನವೂ ಒಂದು ಡಬ್ಬಿ ಬರುತ್ತಿತ್ತು. ಬರುವ ನೆಂಟರೂ ಒಂದೊಂದು ಡಬ್ಬಿ ತರುತ್ತಿದ್ದರು. ಅತ್ತಿಗೆ ಡಾಕ್ಟರಮ್ಮನ ಮಾತಿನಂತೆ ಒಂದು ಚೂರು ತಿಂದು ತಟ್ಟೆ ಕೆಳಗಿಡುತ್ತಿದ್ದರು. ಆದರೆ ಆರು ಮಂದಿ ನೆಂಟರು ಬೇರೆ ಬೇರೆ ಹೊತ್ತಿಗೆ ಬಂದರೆ ಆರು ಚೂರಾಗುತ್ತದೆ, ಚೂರು ಆರಾದರೆ ತುಂಡಾಗುತ್ತದೆ. ಒಂದು ಮಧ್ಯಾಹ್ನ ನೀಲಿ ಕೋಟಿನ ನಡುವಿನ ಗುಂಡಿ ತನ್ನ ಕಾಜಾವನ್ನು ದೂರದಿಂದ ನೋಡಿ ನಿಂತುಬಿಟ್ಟಿತು.

ಅತ್ತಿಗೆ ಗಲಾಟೆ ಮಾಡಲಿಲ್ಲ. ಕೋಟನ್ನು ಮಡಿಚಿ ಮಂಚದ ಮೇಲಿಟ್ಟರು. ಆವತ್ತು ಸಂಜೆ ಮನೆತುಂಬ ಜನ, ನಗು, ಹರಟೆ. ಎಲ್ಲರಿಗೂ ಕೇಕು ಕತ್ತರಿಸಿ ಹಂಚಿದ ಅತ್ತಿಗೆ ತಾವು ಮಾತ್ರ ಬಿಸಿನೀರಿನ ಲೋಟ ಹಿಡಿದು ಬಾಗಿಲ ಹತ್ತಿರ ನಿಂತರು. ಕೇಳಿದವರಿಗೆ "ನಂಗೆ ಸಿಹಿ ಅಷ್ಟು ಸೇರಲ್ಲ" ಎಂದರು. ಮದುವೆಯಾದಾಗಿನಿಂದ ಅವರು ಹೇಳಿದ ಅತಿ ದೊಡ್ಡ ಸುಳ್ಳು ಅದೇ ಇರಬೇಕು. ಅರ್ಧಿಂಚಣ್ಣ ತನ್ನ ಪಾಲಿನ ತುಂಡನ್ನು ಉಗುಳಲೂ ಆಗದೆ ನುಂಗಲೂ ಆಗದೆ ಬಾಯಲ್ಲಿಟ್ಟುಕೊಂಡು ಅವರನ್ನೇ ನೋಡುತ್ತಿದ್ದ.

ಮಾರನೆಯ ಮಧ್ಯಾಹ್ನ ಮನೆಯೆಲ್ಲ ಗೊರಕೆ ಹೊಡೆಯುತ್ತಿದ್ದಾಗ ಅವನು ಕೋಟನ್ನು ಅಂಗಡಿಗೆ ತಂದು, ಒಳಗಿನ ಅಸ್ತರು ಬಿಚ್ಚಿ, ಎರಡೂ ಪಕ್ಕದ ಹೊಲಿಗೆ ಬಿಡಿಸಿ, ಒಂದು ಬೆರಳಷ್ಟು ಸಡಿಲ ಮಾಡಿ, ಶಬ್ದವಾಗದಂತೆ ಕೈಯಲ್ಲೇ ಹೊಲಿದು, ಇಸ್ತ್ರಿ ಹಾಕಿ ಮತ್ತೆ ಮಂಚದ ಮೇಲಿಟ್ಟ. ಇದೆಲ್ಲ ನಿನಗೆ ಹೇಗೆ ಗೊತ್ತು ಎಂದರೆ, ಆಮೇಲೆ ಅವನೇ ಹೇಳಿದ. ಅವನು ಹೇಳದೆ ಬಿಟ್ಟದ್ದನ್ನು ಬೇಕರಿಯವನು ಹೇಳಿದ.

ಸಂಜೆ ಕೋಟು ತೊಟ್ಟ ಅತ್ತಿಗೆಯ ಕೂಗು ನನ್ನ ಮಹಡಿಗೂ ಕೇಳಿಸಿತು.

"ಅಣ್ಣಾ, ಗುಂಡಿ ಹತ್ತಿತು."

"ಹೇಳಿರ್ಲಿಲ್ವಾ ನಾನು? ಹಿಂದಕ್ಕೆ ನಡೆದಿದ್ದು ಇವತ್ತು ಕೆಲಸ ಮಾಡಿದೆ. ಕೇಕ್ ತಗೊಂಬಾ" ಎಂದರು ಮೇಷ್ಟ್ರು.

ಅಲ್ಲಿಗೆ ನಿಂತಿದ್ದರೆ ಇದೊಂದು ಸಣ್ಣ ಗೃಹಕೃತ್ಯವಾಗಿ ಮುಗಿಯುತ್ತಿತ್ತು. ಆದರೆ ಮೇಷ್ಟ್ರ ಪ್ಯಾಂಟು ಇತ್ತಲ್ಲ. ಅವರು ಬಂದಾಗಿನಿಂದ ಅದರ ಕೊಕ್ಕೆಯನ್ನು ಬಿಚ್ಚಿಟ್ಟು, ಮೇಲೆ ಸ್ವೆಟರ್ ಎಳೆದುಕೊಂಡು ಮಾನ ಕಾಪಾಡಿಕೊಳ್ಳುತ್ತಿದ್ದರು. ಇಸ್ತ್ರಿಗೆ ಬಂದ ಅದನ್ನು ಅರ್ಧಿಂಚಣ್ಣ ತಿರುಗಿಸಿ ತಿರುಗಿಸಿ ನೋಡಿದ. ಒಂದೇ ನಡಿಗೆ ನಡೆಯುವ ಇಬ್ಬರಲ್ಲಿ ತಂಗಿಯ ಕೋಟು ಸಡಿಲವಾಗಿ, ಅಣ್ಣನ ಪ್ಯಾಂಟು ಬಿಗಿಯಾಗಿಯೇ ಉಳಿದರೆ ಅನುಮಾನ ಬರುವುದಿಲ್ಲವೇ? ಹಿಂಭಾಗದ ಹೊಲಿಗೆ ಬಿಚ್ಚಿದ. ಮರುದಿನ ಮೇಷ್ಟ್ರು ಸ್ವೆಟರ್ ಇಲ್ಲದೆ ಬೀದಿಗೆ ಬಂದರು.

ಬೇಕರಿಯವನಿಗೆ ಸುದ್ದಿ ಮುಟ್ಟಿದ್ದು ಮೇಷ್ಟ್ರು ಹಿಂದಕ್ಕೆ ನಡೆಯುತ್ತ ಅವನ ಹಿಟ್ಟಿನ ಮೂಟೆಯ ಮೇಲೆ ಕೂತಾಗ. ಅವನು ವ್ಯಾಪಾರಿ. ಯಾವ ಸುದ್ದಿಯಿಂದ ಏನು ಬೆಳೆಯಬಹುದು ಎಂದು ಅವನಿಗೆ ಕೂಡಲೇ ಗೊತ್ತಾಗುತ್ತದೆ.

"ಅಂದ್ರೆ ಎಷ್ಟು ಬೇಕಾದ್ರೂ ತಿನ್ನಬಹುದಾ ಮೇಷ್ಟ್ರೇ?"

"ತಿನ್ನಿ. ಆಮೇಲೆ ಹಿಂದಕ್ಕೆ ನಡೀರಿ. ಬೇಕಾದ್ರೆ ನನ್ನ ಪ್ಯಾಂಟು ಹಿಡಿದು ನೋಡಿ."

ಬೇಕರಿಯವನು ನಿಜವಾಗಿಯೂ ಹಿಡಿದು ನೋಡಿದ. ಎರಡು ಬೆರಳು ಸರಾಗವಾಗಿ ಹೋದವು. ಅಂದಿನಿಂದ ಅವನ ಅಂಗಡಿಗೆ ಬಂದವರಿಗೆಲ್ಲ ಕೇಕಿನ ಜೊತೆ ಈ ಉಪದೇಶವೂ ಸಿಗತೊಡಗಿತು. ಬೇಡ ಬೇಡ ಎಂದು ಕೈ ಹಿಂದೆಳೆಯುತ್ತಿದ್ದವರು ಇನ್ನೊಂದು ತುಂಡು ಕಟ್ಟಿಸಿಕೊಂಡರು.

ಎರಡು ಮೂರು ದಿನ ಕಳೆಯುವುದರೊಳಗೆ ನಮ್ಮ ಬೀದಿಯಲ್ಲಿ ಮುಖ ನೋಡಿ ಮಾತಾಡುವುದೇ ನಿಂತುಹೋಯಿತು. ಯಾರು ಬಂದರೂ ಮೊದಲು ಬೆನ್ನು ಬರುತ್ತಿತ್ತು. ಪೋಸ್ಟಿನವನು ಬೆನ್ನು ನೋಡಿ ಗುರುತು ಹಿಡಿಯಲು ಕಲಿತ. ದ್ವೇಷ ಸಾಧಿಸುತ್ತಿದ್ದ ಇಬ್ಬರು ನೆರೆಯವರು ಹಿಂದಿನಿಂದ ಡಿಕ್ಕಿ ಹೊಡೆದು, ಯಾರೆಂದು ತಿಳಿಯದೆ ಪರಸ್ಪರ ಕ್ಷಮೆ ಕೇಳಿಕೊಂಡು ರಾಜಿಯಾಗಿಬಿಟ್ಟರು. ನಾನು ನಾಲ್ಕಕ್ಷರ ಓದಿದವನು, ಇಂಥದ್ದನ್ನೆಲ್ಲ ನಂಬುವವನಲ್ಲ. ಸುಮ್ಮನೆ ಪರೀಕ್ಷೆ ಮಾಡೋಣವೆಂದು ಕತ್ತಲಾದ ಮೇಲೆ ಒಂದೆರಡು ಸುತ್ತು ನಡೆದೆ, ಅಷ್ಟೆ. ಪರೀಕ್ಷೆ ಪೂರ್ತಿಯಾಗಬೇಕಲ್ಲ ಎಂದು ಕೇಕನ್ನೂ ತಿಂದೆ.

ಪಾಪ, ಅರ್ಧಿಂಚಣ್ಣನ ಕಷ್ಟ ಶುರುವಾದದ್ದು ಈಗ. ಇಸ್ತ್ರಿಗೆ ಬಟ್ಟೆ ತಂದವರೆಲ್ಲ ಅಂಗಡಿಯಲ್ಲಿ ನಿಂತು ಒಂದು ಮಾತು ಎಸೆದು ಹೋಗುತ್ತಿದ್ದರು.

"ನಾವೂ ನಡೀತಿದ್ದೀವಿ, ನಮ್ದು ಮಾತ್ರ ಬಿಗಿಯಾಗ್ತಾನೇ ಇದೆ. ನಿಮ್ಮ ಭಾವ ಹೇಳಿದ್ದು ನಿಜಾನಾ, ಇಲ್ಲ ಬುರುಡೆನಾ?"

ಬುರುಡೆ ಎಂದು ಬೀದಿಗೆ ಗೊತ್ತಾದರೆ ಭಾವನಿಗೆ ಅವಮಾನ. ಭಾವನ ಮಾತು ಸುಳ್ಳಾದರೆ ಕೋಟಿನ ವಿಷಯ ಹೊರಗೆ. ಕೋಟಿನ ವಿಷಯ ಹೊರಬಿದ್ದರೆ ಹೆಂಡತಿಯ ಕೈಗೆ ಮತ್ತೆ ಬಿಸಿನೀರಿನ ಲೋಟ. ಹೀಗೆ ಲೆಕ್ಕ ಹಾಕಿ ಅವನು ಬೇಕರಿಯವನ ಪ್ಯಾಂಟಿನ ಹೊಲಿಗೆ ಬಿಚ್ಚಿದ, ಪೋಸ್ಟಿನವನದ್ದು ಬಿಚ್ಚಿದ, ರಾಜಿಯಾದ ನೆರೆಯವರಿಬ್ಬರದ್ದೂ ಬಿಚ್ಚಿದ. ನನ್ನದನ್ನೂ ಬಿಚ್ಚಿದ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ವಿಜ್ಞಾನದ ಬಗ್ಗೆ ನನಗೆ ಹೊಸ ಗೌರವ ಹುಟ್ಟಿತ್ತು.

"ಏನಪ್ಪಾ, ಊಟಕ್ಕೂ ಏಳದೆ ಕೂತಿದೀಯ?" ಎಂದು ಒಂದು ಮಧ್ಯಾಹ್ನ ಕೇಳಿದೆ. ಅವನ ಕಣ್ಣು ಕೆಂಪಾಗಿತ್ತು, ತುಟಿಯಲ್ಲಿ ಗುಂಡುಪಿನ್ನುಗಳಿದ್ದವು.

"ಇಸ್ತ್ರಿ" ಎಂದ. ಇಸ್ತ್ರಿಗೆ ಗುಂಡುಪಿನ್ನು ಯಾಕೆ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ಬೀದಿ ತಿನ್ನುತ್ತಲೇ ಇತ್ತು, ಅವನು ಬಿಚ್ಚುತ್ತಲೇ ಇದ್ದ. ಎರಡು ಇಂಚು ಎಂಬುದು ಒಂದು ಗಡಿ. ಮೊದಲು ಮೇಷ್ಟ್ರ ಪ್ಯಾಂಟಿನೊಳಗಿನ ಬಟ್ಟೆ ಮುಗಿಯಿತು, ಆಮೇಲೆ ಬೇಕರಿಯವನದ್ದು. ಬಿಚ್ಚಲು ಏನೂ ಉಳಿಯದ ಕಡೆ ಅವನು ತೇಪೆ ಕೊಡಲು ಶುರು ಮಾಡಿದ. ಹಿಂದೆ ಯಾರ್ಯಾರಿಗೋ ಹೊಲಿದು ಉಳಿದಿದ್ದ ತುಂಡುಗಳೆಲ್ಲ ಬೀದಿಯ ಗಣ್ಯರ ಹಿಂಭಾಗಕ್ಕೆ ಸೇರಿದವು.

ಈ ಹೊತ್ತಿಗೆ ನಗರಸಭೆಯ ಆರೋಗ್ಯಾಧಿಕಾರಿಗೆ ದೂರು ಹೋಗಿತ್ತು. ಹಿಮ್ಮುಖವಾಗಿ ನಡೆಯುವವರು ಕಸದ ಡಬ್ಬಿಗಳನ್ನೆಲ್ಲ ಉರುಳಿಸುತ್ತಿದ್ದಾರೆ ಎಂದು. ರಜೆಯಲ್ಲೂ ಕರ್ತವ್ಯ ಬಿಡದ ಅಧಿಕಾರಿ ಅವರು. ತಪಾಸಣೆಗೆ ಬಂದು ಬೀದಿಯ ನಟ್ಟನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಯಾರ್ರೀ ಇದನ್ನೆಲ್ಲ ಶುರು ಮಾಡಿದ್ದು?"

ಮೇಷ್ಟ್ರು ಬೆನ್ನು ತಿರುಗಿಸಿ ಅವರ ಕಡೆಗೇ ಬರುತ್ತಿದ್ದರು, ಸೀಟಿ ಊದುತ್ತ. ಅಧಿಕಾರಿ "ಏ, ಏ, ನಿಲ್ಲಿ" ಎನ್ನುತ್ತ ಹೆಜ್ಜೆ ಹೆಜ್ಜೆಗೂ ಹಿಂದೆ ಸರಿದರು. ಸರಿದು ಸರಿದು ಬೇಕರಿಯ ಬಾಗಿಲಲ್ಲಿ ಬಾಯಿ ಬಿಚ್ಚಿಟ್ಟಿದ್ದ ಹಿಟ್ಟಿನ ಮೂಟೆಗೆ ತಾಗಿ ಅದರೊಳಕ್ಕೇ ಕುಸಿದರು. ಎಬ್ಬಿಸಿ ನೋಡಿದರೆ ಸೊಂಟದಿಂದ ಕೆಳಗೆ ಸರಕಾರ ಬೆಳ್ಳಗಾಗಿತ್ತು.

ಅವರನ್ನು ಅರ್ಧಿಂಚಣ್ಣನ ಅಂಗಡಿಗೆ ಕರೆತಂದು, ಸೊಂಟಕ್ಕೆ ಒಂದು ಕಂಬಳಿ ಸುತ್ತಿ ಕೂರಿಸಿದರು. ಬೇಕರಿಯವನು ಪರಿಹಾರವೆಂದು ಕೇಕು ತಂದ. ಅಧಿಕಾರಿ ಕೋಪದಲ್ಲಿ ಒಂದು ತುಂಡು ತಿಂದರು, ಕೋಪ ಇಳಿದ ಮೇಲೆ ಇನ್ನೊಂದು. ಅತ್ತ ಅರ್ಧಿಂಚಣ್ಣ ಹಿಟ್ಟು ಕೊಡವಿ ಇಸ್ತ್ರಿ ಮಾಡುತ್ತಿದ್ದ. ಅಧಿಕಾರಿಯ ಹೊಟ್ಟೆಯನ್ನೊಮ್ಮೆ ನೋಡಿದ, ಖಾಲಿಯಾಗುತ್ತಿದ್ದ ತಟ್ಟೆಯನ್ನೊಮ್ಮೆ ನೋಡಿದ. ಅದು ಅವನು ಹೊಲಿದ ಪ್ಯಾಂಟಲ್ಲ. ಒಳಗೆ ಒಂದು ಎಳೆಯಷ್ಟೂ ಹೆಚ್ಚಿನ ಬಟ್ಟೆ ಇರಲಿಲ್ಲ. ಬಿಚ್ಚಬೇಕಾದ ಕಾರಣವೂ ಇರಲಿಲ್ಲ. ಆದರೆ ಇಷ್ಟು ದಿನದ ಅಭ್ಯಾಸಬಲದಿಂದ ಕೈ ತಾನಾಗಿಯೇ ಹಿಂಭಾಗದ ಹೊಲಿಗೆಗೆ ಹೋಗಿಬಿಟ್ಟಿತ್ತು. ಬಿಚ್ಚಿದ ಮೇಲೆ ಮುಚ್ಚಲೇಬೇಕು. ಪಕ್ಕದಲ್ಲಿ ಬಿದ್ದಿದ್ದ ತುಂಡೊಂದನ್ನು ಒಳಗಿಟ್ಟು ಹೊಲಿದುಬಿಟ್ಟ.

ಅಧಿಕಾರಿ ಪ್ಯಾಂಟು ತೊಟ್ಟರು. ಕೊಕ್ಕೆ ಹಾಕಿದರು. ಬಿಚ್ಚಿ ಮತ್ತೊಮ್ಮೆ ಹಾಕಿ ನೋಡಿದರು.

"ಇದು ಇಷ್ಟು ಸಲೀಸಾಗಿ ಹತ್ತಿ ಎಷ್ಟೋ ವರ್ಷ ಆಯ್ತು. ನಾನು ಹಿಂದಕ್ಕೆ ನಡೆದಿದ್ದು ಎಷ್ಟು, ಒಂದು ಇಪ್ಪತ್ತು ಹೆಜ್ಜೆ ಇರಬಹುದಾ?"

"ಶಿಸ್ತಾಗಿ ನಡೆದ್ರೆ ಅಷ್ಟೇ ಸಾಕು ಸಾರ್" ಎಂದರು ಮೇಷ್ಟ್ರು.

ದೂರು ಅಲ್ಲೇ ಸತ್ತಿತು. ರಜೆಯ ಕೊನೆಯ ದಿನ ಉದ್ಯಾನವನದಲ್ಲಿ ನಗರಸಭೆಯ ವತಿಯಿಂದ ಹಿಮ್ಮುಖ ನಡಿಗೆಯ ಸಾರ್ವಜನಿಕ ಪ್ರದರ್ಶನ ಎಂದು ಘೋಷಣೆಯಾಯಿತು. ಮೇಷ್ಟ್ರು ಮಾರ್ಗದರ್ಶಕರು. ಅತ್ತಿಗೆ ತಮ್ಮ ಅನುಭವ ಹೇಳುವವರು. ಅರ್ಧಿಂಚಣ್ಣ ಎಲ್ಲರೆದುರು ಸೊಂಟದ ಅಳತೆ ತೆಗೆದು ಕೂಗಿ ಹೇಳುವವನು.

ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ. ಹೆಂಡತಿಯ ಹತ್ತಿರ ಹೇಗೋ ಮಾತು ತೆಗೆದ.

"ಕೋಟು ಸಡಿಲ ಆಗಿದ್ದು ನಡಿಗೆಯಿಂದಾನೇ ಅಂತ ಹೇಗೆ ಹೇಳ್ತೀಯ?"

"ಮತ್ತಿನ್ನೇನ್ರಿ, ನಿಮ್ಮ ಕೈಗುಣಾನಾ?" ಎಂದು ಅತ್ತಿಗೆ ನಕ್ಕರು. ಆ ನಗು ಎಷ್ಟು ಹಗುರಾಗಿತ್ತೆಂದರೆ, ಅದನ್ನು ಕೆಡಿಸುವ ಧೈರ್ಯ ಅವನಿಗಾಗಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನಾದ. ಅಂದೇ ಮಧ್ಯಾಹ್ನ ಅವನು ನೋಡಿಕೊಂಡಿದ್ದ. ನೀಲಿ ಕೋಟಿನಲ್ಲೂ ಇನ್ನು ಬಿಚ್ಚಲು ಏನೂ ಉಳಿದಿರಲಿಲ್ಲ.

ಪ್ರದರ್ಶನದ ದಿನ ಉದ್ಯಾನವನದಲ್ಲಿ ಜಾತ್ರೆಯಷ್ಟು ಜನ. ಬೇಕರಿಯವನು ಮೇಜು ಹಾಕಿ ಕೂತಿದ್ದ. ಡಾಕ್ಟರಮ್ಮ ಸಹ ಬಂದು ಹಿಂದಿನ ಸಾಲಿನಲ್ಲಿ ಕುತೂಹಲದಿಂದ ಕೂತಿದ್ದರು. ಜನರು ಮುಂದೆ ಮುಂದೆ ಹೋಗಿ ಆರೋಗ್ಯ ಕಳೆದುಕೊಂಡ ಬಗೆಯನ್ನು ಅಧಿಕಾರಿ ವಿಸ್ತಾರವಾಗಿ ವಿವರಿಸಿದರು. ಆಮೇಲೆ ಅತ್ತಿಗೆ ಎದ್ದು ನಿಂತರು. ಮೈಮೇಲೆ ನೀಲಿ ಕೋಟು, ನಡುವಿನ ಗುಂಡಿ ಹಾಕಿತ್ತು.

"ನಂಗೆ ಮಾತಾಡಿ ಅಭ್ಯಾಸ ಇಲ್ಲ. ಈ ರಜೆ ಹಾಳಾಯ್ತು ಅಂತಲೇ ಅಂದ್ಕೊಂಡಿದ್ದೆ. ಎಲ್ಲಾರ ಜೊತೆ ಕೂತು ತಿಂದೆ, ನಕ್ಕೆ, ಅಣ್ಣನ ಜೊತೆ ನಡೆದೆ. ಆದ್ರೂ ಕೋಟು ಸಡಿಲಾನೇ ಆಯ್ತು. ಇಷ್ಟು ಚೆನ್ನಾಗಿರೋಳಿಗೆ ಔಷಧಿ ಯಾಕೆ ಅಂತ ಮಾತ್ರೇನೂ ಬಿಟ್ಬಿಟ್ಟೆ."

ಜನ ಚಪ್ಪಾಳೆ ತಟ್ಟಿದರು. ಡಾಕ್ಟರಮ್ಮ ತಟ್ಟಲಿಲ್ಲ. ಕೊರಳಿಗೆ ಟೇಪು ಹಾಕಿಕೊಂಡು ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಅರ್ಧಿಂಚಣ್ಣ ಚಪ್ಪಾಳೆ ಮುಗಿಯುವವರೆಗೂ ಕಾಯಲಿಲ್ಲ.

"ಮಾತ್ರೆ ಬಿಟ್ಯಾ?"

"ಹೂಂ."

"ಯಾವಾಗಿಂದ?"

"ಗುಂಡಿ ಹತ್ತಿದ ದಿನದಿಂದ. ಯಾಕ್ರಿ, ಮುಖ ಯಾಕೆ ಹಾಗಾಯ್ತು?"

ಇಡೀ ಉದ್ಯಾನವನ ನೋಡುತ್ತಿದೆ ಎಂಬುದು ಅವನಿಗೆ ಮರೆತೇ ಹೋಗಿತ್ತು.

"ಅದು ಸಡಿಲ ಆಗಿಲ್ಲ ಕಣೇ. ನಾನೇ ಬಿಚ್ಚಿ ಹೊಲಿದೆ. ನೀನು ಬಿಸಿನೀರು ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ಯಲ್ಲ, ನಂಗೆ ನೋಡಕ್ಕಾಗ್ಲಿಲ್ಲ. ಮಾತ್ರೆ ಬಿಡ್ತೀಯ ಅಂತ ಗೊತ್ತಿದ್ದಿದ್ರೆ ಸೂಜಿ ಮುಟ್ತಿರ್ಲಿಲ್ಲ."

ಮೇಷ್ಟ್ರ ಬಾಯಿಂದ ಸೀಟಿ ಜಾರಿತು.

"ಹಾಗಾದ್ರೆ ನನ್ನ ಪ್ಯಾಂಟು?"

"ಅದೂ ನಾನೇ ಭಾವ."

"ನಂದು?" ಎಂದ ಪೋಸ್ಟಿನವನು.

"ನಿಮ್ದೂ. ಎಲ್ಲಾರದ್ದೂ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಮ್ಮ ಬೀದಿಯವರು ಸೊಂಟ ಮುಟ್ಟಿ ನೋಡಿಕೊಂಡರು. ಮರ್ಯಾದಸ್ಥ ಜನ, ಹೆಂಗಸರು ಗಂಡಸರೆನ್ನದೆ, ಸೊಂಟದ ಪಟ್ಟಿಗಳನ್ನು ಮಗುಚಿ ಹೊಲಿಗೆ ಹುಡುಕತೊಡಗಿದರು. ಒಬ್ಬನಿಗೆ ಹೊಸ ದಾರ ಸಿಕ್ಕಿತು, ಇನ್ನೊಬ್ಬನಿಗೆ ಪಕ್ಕದ ಮನೆಯವರ ಸ್ಕರ್ಟಿನ ತುಂಡು ಸಿಕ್ಕಿತು. ವೇದಿಕೆಯ ಮೇಲೆ ಅಧಿಕಾರಿ, "ನಂದೇನೂ ಇಲ್ಲ, ನಾನು ನಿಜವಾಗ್ಲೂ ಕರಗಿದ್ದೀನಿ" ಎಂದು ಹೇಳುತ್ತ ತಿರುಗಿ ನಿಂತದ್ದೇ ತಪ್ಪಾಯಿತು. ಬಗ್ಗಿ ಬಗ್ಗಿ ಹುಡುಕಿದ್ದರಿಂದ ಅವರ ಹಿಂಭಾಗದ ಹೊಲಿಗೆ ಬಾಯಿ ತೆರೆದಿತ್ತು. ಒಳಗಿಂದ ಬಿಳಿ ಹೂವಿನ ಕೆಂಪು ಬಟ್ಟೆ ಇಣುಕುತ್ತಿತ್ತು.

"ಅಯ್ಯೋ, ನಮ್ಮ ಬೇಕರಿ ಪರದೆ" ಎಂದ ಬೇಕರಿಯವನು.

ನಗು ಎದ್ದದ್ದು ಎಲ್ಲಿಂದಲೋ ತಿಳಿಯದು. ಎದ್ದ ಮೇಲೆ ಅಡಗಿಸುವವರಿರಲಿಲ್ಲ. ಕೋಪಿಸಿಕೊಳ್ಳಬೇಕಾದವರೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಹಿಡಿದುಕೊಳ್ಳಲು ಹೊಟ್ಟೆ ಈಗ ಸಾಕಷ್ಟಿತ್ತು. ನಗದೆ ಇದ್ದವರು ಮೂವರು. ಮೇಷ್ಟ್ರು, ಅರ್ಧಿಂಚಣ್ಣ, ಅತ್ತಿಗೆ. ಮೇಷ್ಟ್ರು ತಂಗಿಯ ಹತ್ತಿರ ಬಂದು ತೀರ ಸಣ್ಣ ದನಿಯಲ್ಲಿ ಹೇಳಿದರು.

"ನನ್ನದೂ ಬುರುಡೆನೇ ಕಣಮ್ಮ. ಜೀವಮಾನದಲ್ಲಿ ನಾನು ಹಿಂದಕ್ಕೆ ನಡೆದಿರ್ಲಿಲ್ಲ. ನಿನ್ನ ನಗಿಸೋಣ ಅಂತ ಶುರು ಮಾಡಿದ್ದು, ಆಮೇಲೆ ನಾನೇ ನಂಬಿಬಿಟ್ಟೆ."

ಅತ್ತಿಗೆ ಅಣ್ಣನ ಕಡೆಗೂ ಗಂಡನ ಕಡೆಗೂ ನೋಡಲಿಲ್ಲ. ಕೋಟಿನ ಗುಂಡಿ ಬಿಚ್ಚಿ, ಜನರ ನಡುವೆ ದಾರಿ ಮಾಡಿಕೊಂಡು, ಡಾಕ್ಟರಮ್ಮನ ಎದುರು ಹೋಗಿ ತೋಳು ಚಾಚಿದರು.

ಡಾಕ್ಟರಮ್ಮ ಎದ್ದು, ಅವರನ್ನು ಕರೆದುಕೊಂಡು ತಮ್ಮ ಕ್ಲಿನಿಕ್ಕಿಗೆ ನಡೆದರು. ಹಿಂದೆ ಅರ್ಧಿಂಚಣ್ಣ, ಅವನ ಹಿಂದೆ ಮೇಷ್ಟ್ರು. ನೆರೆಯವನ ಕರ್ತವ್ಯವೆಂದು ನಾನೂ ಹೋದೆ. ಡಾಕ್ಟರಮ್ಮ ಪಟ್ಟಿ ಸುತ್ತಿದರು, ಗಾಳಿ ಊದಿದರು, ಮುಳ್ಳು ಇಳಿಯುವುದನ್ನೇ ನೋಡಿದರು. ಅರ್ಧಿಂಚಣ್ಣ ಕೊರಳಿನ ಟೇಪನ್ನು ಬೆರಳಿಗೆ ಸುತ್ತುತ್ತಿದ್ದ, ಬಿಚ್ಚುತ್ತಿದ್ದ.

"ಜಾಸ್ತಿನೇ ಇದೆ. ಹೋದ ಸಲಕ್ಕಿಂತ ಸ್ವಲ್ಪ ಮೇಲೆ" ಎಂದರು ಡಾಕ್ಟರಮ್ಮ. "ಆದ್ರೆ ಕೈ ಮೀರಿಲ್ಲ. ಮಾತ್ರೆ ಬಿಟ್ಟು, ಹೀಗೆ ತಿಂದು, ಇನ್ನೂ ಒಂದು ತಿಂಗಳು ಕಳೆದಿದ್ರೆ ನಾವು ಇಲ್ಲಿ ಕೂತು ಮಾತಾಡ್ತಿರಲಿಲ್ಲ. ದೊಡ್ಡಾಸ್ಪತ್ರೆಗೆ ಓಡ್ಬೇಕಾಗಿತ್ತು. ನಡೆದಿದ್ದು ಮಾತ್ರ ಒಳ್ಳೇದಾಯ್ತು."

"ಹಿಂದಕ್ಕೆ ನಡೆದಿದ್ದು ಡಾಕ್ಟ್ರೇ" ಎಂದರು ಅತ್ತಿಗೆ.

"ನಡಿಗೆ ನಡಿಗೆನೇ. ಇನ್ಮೇಲೆ ಮುಂದಕ್ಕೆ ನಡೀರಿ, ಬಿದ್ದು ಸೊಂಟ ಮುರ್ಕೊಂಡ್ರೆ ಅದಕ್ಕೆ ಬೇರೆ ಔಷಧಿ ಕೊಡ್ಬೇಕು. ಇವತ್ತು ರಾತ್ರಿಯಿಂದಲೇ ಮಾತ್ರೆ ಶುರು ಮಾಡಿ." ಆಮೇಲೆ ಅರ್ಧಿಂಚಣ್ಣನ ಕಡೆ ತಿರುಗಿ, "ನೀವು ಕೂತ್ಕೊಳ್ಳಿ. ನಿಮ್ಮ ಬಿಪಿ ನೋಡೋಣ" ಎಂದರು. ಅವನ ಬಣ್ಣ ನೋಡಿದರೆ ಯಾರಾದರೂ ಹಾಗೆಯೇ ಹೇಳುತ್ತಿದ್ದರು.

ಮಾರನೆಯ ಬೆಳಿಗ್ಗೆ ಅರ್ಧಿಂಚಣ್ಣನ ಅಂಗಡಿಯ ಎದುರು ಬೀದಿಯೇ ನೆರೆಯಿತು. ಎಲ್ಲರೂ ಒಂದೇ ದನಿಯಲ್ಲಿ, ತಮ್ಮನ್ನು ಮೋಸಗೊಳಿಸಿದ್ದು ಅನ್ಯಾಯವೆಂದೂ ಎಲ್ಲ ಬಟ್ಟೆಗಳನ್ನೂ ಮೊದಲಿದ್ದ ಹಾಗೇ ಬಿಗಿ ಮಾಡಿ ಕೊಡಬೇಕೆಂದೂ, ಸತ್ಯವೇ ಮುಖ್ಯವೆಂದೂ ಗಟ್ಟಿಯಾಗಿ ಹೇಳಿದರು. ಅವನು ತಲೆ ತಗ್ಗಿಸಿ ಒಪ್ಪಿಕೊಂಡ.

ಸತ್ಯ ಮಧ್ಯಾಹ್ನದವರೆಗೆ ಬಾಳಿತು. ಊಟದ ಹೊತ್ತಿಗೆ ಪೋಸ್ಟಿನವನು ಹಿಂಬಾಗಿಲಿಂದ ಬಂದ.

"ಅರ್ಧಿಂಚಣ್ಣ, ಬೇರೆಯವರದ್ದೆಲ್ಲ ಬಿಗಿ ಮಾಡು. ನಂದು ಮಾತ್ರ ಹಾಗೇ ಇರ್ಲಿ. ಸೈಕಲ್ ತುಳಿಯೋನು ನಾನು."

ಅವನು ಹೋದ ಮೇಲೆ ಬೇಕರಿಯವನು. ಅವನದು ಒಲೆಯ ಮುಂದೆ ಬಗ್ಗುವ ಕೆಲಸ. ಆಮೇಲೆ ರಾಜಿಯಾದ ನೆರೆಯವರಿಬ್ಬರು, ಒಬ್ಬರಿಗೊಬ್ಬರು ತಿಳಿಯದಂತೆ. ಆರೋಗ್ಯಾಧಿಕಾರಿ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಬಂದು, "ನಂದು ಕೂತು ಮಾಡೋ ಕೆಲಸ ನೋಡಿ, ಅಷ್ಟು ಬಿಗಿ ಆಗಲ್ಲ. ಆ ಪರದೆ ಬಟ್ಟೆ ತೆಗೆದು, ಅದೇ ಬಣ್ಣದ್ದು ಹಾಕ್ಕೊಡಿ" ಎಂದರು. ಮೇಷ್ಟ್ರು ಒಳಕೋಣೆಯಿಂದಲೇ ಕೆಮ್ಮಿ, ತಮ್ಮದನ್ನು ರೈಲು ಹತ್ತುವ ತನಕವಾದರೂ ಮುಟ್ಟಬೇಡವೆಂದು ಸೂಚಿಸಿದರು.

ಇಷ್ಟೆಲ್ಲ ನಾನು ಕಂಡದ್ದು ಹಿಂಬಾಗಿಲ ಪಕ್ಕದಲ್ಲಿ, ನನ್ನ ಸರದಿಗೆ ಕಾಯುತ್ತ ನಿಂತಿದ್ದಾಗ. ಕಂಕುಳಲ್ಲಿ ನನ್ನ ಪ್ಯಾಂಟಿತ್ತು. ಓದುವ ಬರೆಯುವ ಮನುಷ್ಯನಿಗೆ ಸೊಂಟದ ಸುತ್ತ ಗಾಳಿ ಆಡಬೇಕು ಎಂಬ ಮಾತನ್ನೂ ಸಿದ್ಧಮಾಡಿಕೊಂಡಿದ್ದೆ. ಅಷ್ಟರಲ್ಲಿ ಮನೆಯ ಕಡೆಯಿಂದ ಅತ್ತಿಗೆ ಅಂಗಡಿಗೆ ಬಂದರು. ನಿನ್ನೆಯಿಂದ ಅವರು ಗಂಡನ ಜೊತೆ ಮಾತು ಬಿಟ್ಟಿದ್ದರು. ನೀಲಿ ಕೋಟನ್ನು ಮೇಜಿನ ಮೇಲಿಟ್ಟರು.

"ಮೊದಲಿದ್ದ ಹಾಗೆ ಮಾಡಿ."

ಅವನು ಕೋಟನ್ನು ನೇವರಿಸಿದ. "ಒಂದೇ ಸಲ ಬೇಡ ಕಣೇ. ವಾರಕ್ಕಿಷ್ಟು ಅಂತ ಸ್ವಲ್ಪ ಸ್ವಲ್ಪ ಒಳಗೆ ತಗೋತೀನಿ."

"ಪೂರ್ತಿ."

"ಗುಂಡಿ ಹತ್ತಲ್ಲ."

"ಹತ್ತದೇ ಇರ್ಲಿ. ಕಣ್ಣಿಗೆ ಕಾಣೋ ಹಾಗೆ ಗೋಡೆಗೆ ನೇತಾಕ್ತೀನಿ. ಹತ್ತೋ ದಿನ ಹತ್ತುತ್ತೆ."

"ದಿನಾ ನೋಡಿ ನೋಡಿ ನಿಂಗೆ ಬೇಜಾರಾಗುತ್ತೆ."

"ಆಗ್ಲಿ ಬಿಡಿ." ಅತ್ತಿಗೆಯ ದನಿ ಒಂದಿಷ್ಟೂ ಏರಲಿಲ್ಲ. "ನಾನು ಬೇಜಾರು ಮಾಡ್ಕೊಂಡಾದ್ರೂ ನಿಮ್ಮ ಜೊತೆ ಇರ್ಬೇಕಾ, ಖುಷಿಯಾಗಿ ಹೋಗ್ಬಿಡ್ಬೇಕಾ? ಅದನ್ನ ಹೇಳಿ ಮೊದ್ಲು."

ಅರ್ಧಿಂಚಣ್ಣ ಸೂಜಿ ತೆಗೆದುಕೊಂಡ. ದಾರ ಪೋಣಿಸಲು ಹೋದ, ಆಗಲಿಲ್ಲ. ಮತ್ತೆ ಹೋದ, ಆಗಲಿಲ್ಲ. ಜೀವನವಿಡೀ ಕಣ್ಣು ಮುಚ್ಚಿಕೊಂಡು ಮಾಡಿದ ಕೆಲಸ ಅದು, ಈಗ ಕಣ್ಣು ತುಂಬಿತ್ತು. ಅತ್ತಿಗೆ ಅವನ ಕೈಯಿಂದ ಸೂಜಿ ತೆಗೆದುಕೊಂಡು, ದಾರದ ತುದಿಯನ್ನು ತುಟಿಗೆ ತಾಗಿಸಿ, ಪೋಣಿಸಿ ಕೊಟ್ಟರು. ಕೊಟ್ಟು ಅಲ್ಲಿಯೇ ಸ್ಟೂಲಿನ ಮೇಲೆ ಕೂತರು. ಅವನು ಹೊಲಿಯತೊಡಗಿದ.

ನಾನು ಒಳಗೆ ಹೋಗಿ ನನ್ನ ಪ್ಯಾಂಟನ್ನು ಮೇಜಿನ ಮೇಲಿಟ್ಟೆ.

"ಇದೂ ಮೊದಲಿದ್ದ ಹಾಗೆ ಮಾಡಪ್ಪ" ಎಂದೆ.

ಅವನು ತಲೆಯೆತ್ತದೆ ಅದನ್ನು ಎಳೆದುಕೊಂಡು, ಕೋಟಿನ ಪಕ್ಕದಲ್ಲಿ ಇಟ್ಟುಕೊಂಡ.